ಇಬ್ಬರು ಪರೀಕ್ಷಕರು, ಒಂದು ಪ್ರಬಂಧ

ನಾಲ್ಕು ವರ್ಷ ಗಣಿತವನ್ನೂ ತತ್ತ್ವಶಾಸ್ತ್ರವನ್ನೂ ಜೊತೆಯಾಗಿ ಓದಿದ ಹುಡುಗಿಯ ಕೊನೆಯ ಪ್ರಬಂಧ ಫೇಲಾಗಿತ್ತು. ಅದು ಫೇಲಾದರೆ ಪದವಿಯೇ ಇಲ್ಲ. "ಎರಡು ದೋಣಿ ಮೇಲೆ ಕಾಲಿಡ್ಬೇಡ ಕಣೇ" ಎಂದು ಅಮ್ಮ ಸೇರುವಾಗಲೇ ಬಡಕೊಂಡಿದ್ದಳು. ಹಾಳಾದ್ದು, ದೋಣಿಗಳದ್ದೇನೂ ತಪ್ಪಿರಲಿಲ್ಲ. ಹುಟ್ಟು ಹಾಕಬೇಕಾದವರಿಗೇ ನಿದ್ದೆ.

ನಿಯಮವೇನೋ ಚೆನ್ನಾಗಿತ್ತು. ಎರಡೂ ವಿಭಾಗದಿಂದ ಒಬ್ಬೊಬ್ಬರು ಪ್ರಬಂಧವನ್ನು ಪೂರ್ತಿ ಓದಿ ಅಂಕ ಕೊಡಬೇಕು, ಆಮೇಲೆ ಸರಾಸರಿ; ನಲವತ್ತಾದರೆ ಪಾಸು. ಕಚೇರಿಯ ಕಿಟಕಿಯಲ್ಲಿ ಅವಳಿಗೆ ಎರಡು ವರದಿ ಸಿಕ್ಕವು. ಗಣಿತದ ಮೇಷ್ಟ್ರು ಬರೆದಿದ್ದರು: "ಹನ್ನೆರಡನೆಯ ಪುಟದ ಪ್ರಮೇಯದ ಸಾಧನೆ ತಪ್ಪು. ಮುಂದೆ ಓದುವ ಅಗತ್ಯವಿಲ್ಲ. ಹತ್ತು ಅಂಕ." ತತ್ತ್ವಶಾಸ್ತ್ರದ ಮೇಡಂ ಬರೆದಿದ್ದರು: "ಹನ್ನೆರಡನೆಯ ಪುಟದ ದೋಷರಹಿತ ಸಾಧನೆ ಶ್ಲಾಘನೀಯ. ಅರವತ್ತು ಅಂಕ."

ಅವಳ ಮೈಯೆಲ್ಲ ಉರಿದುಹೋಯಿತು. ಆ ಸಾಧನೆ ತಪ್ಪೆಂದು ಅವಳಿಗೆ ಗೊತ್ತಿರಲಿಲ್ಲವೇ? ಪಂಡಿತರೆಲ್ಲ ವರ್ಷಗಟ್ಟಲೆ ಸರಿಯೆಂದು ತಲೆದೂಗಿದ್ದ ಸಾಧನೆಯದು. ತಪ್ಪನ್ನು ಅಷ್ಟು ಜನ ಹೇಗೆ ನಂಬಿದರು ಎಂದು ಕೇಳಲಿಕ್ಕೇ ಅವಳು ಬೇಕೆಂದೇ ಅದನ್ನು ಅಲ್ಲಿಟ್ಟಿದ್ದಳು. ಹದಿಮೂರನೆಯ ಪುಟದ ಮೊದಲ ಸಾಲೇ ಅದನ್ನು ಹೇಳುತ್ತಿತ್ತು. ಮೇಷ್ಟ್ರು ಅಲ್ಲಿಯವರೆಗೆ ಹೋಗಲಿಲ್ಲ. ಮೇಡಂ ಗಣಿತದ ಚಿಹ್ನೆ ಕಂಡಕೂಡಲೇ ಆ ಅಧ್ಯಾಯವನ್ನೇ ಹಾರಿಸಿ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಹಾಗೆ ಹೊಗಳಿಬಿಟ್ಟಿದ್ದರು.

ಅವಳು ಸೀದಾ ಮೇಡಂ ಕೋಣೆಗೆ ಹೋಗಿ, "ಒಂದ್ನಿಮಿಷ ಬನ್ನಿ ಮೇಡಂ" ಎಂದು ಕಾರಿಡಾರಿನ ಆಚೆಬದಿಯ ಮೇಷ್ಟ್ರ ಕೋಣೆಗೆ ಕರೆತಂದಳು.

"ಸರ್, ನೀವು ತಪ್ಪು ಅಂತೀರಿ, ಇವರು ತಪ್ಪೇ ಇಲ್ಲ ಅಂತಾರೆ. ಹದಿಮೂರನೇ ಪುಟ ಸ್ವಲ್ಪ ಗಟ್ಟಿಯಾಗಿ ಓದಿ."

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿದರು. "ಮೇಲಿನ ಸಾಧನೆ ತಪ್ಪು." ಅವರ ಮುಖ ಹುಳ್ಳಗಾಯಿತು. ಮೇಡಂ ಕಿಟಕಿಯಾಚೆ ನೋಡತೊಡಗಿದರು.

"ಮೊದಲೇ ಹೇಳ್ಬಾರ್ದಿತ್ತೇನಮ್ಮ?" ಎಂದರು ಮೇಷ್ಟ್ರು.

"ಹೇಳಿದ್ದೀನಲ್ಲ ಸರ್, ಮುಂದಿನ ಪುಟದಲ್ಲೇ!"

ಮೇಡಂ ಗಂಟಲು ಸರಿಮಾಡಿಕೊಂಡರು. "ಹೋಗ್ಲಿ ಬಿಡಿ. ನಾನು ಎಪ್ಪತ್ತು ಮಾಡ್ತೀನಿ, ನೀವೂ ಎಪ್ಪತ್ತು ಹಾಕ್ಬಿಡಿ. ಪಾಪ, ಪಾಸಾಗ್ಲಿ. ದೂರು ಗೀರು ಯಾಕೆ?" ಮೇಷ್ಟ್ರು ಆಗಲೇ ಅಂಕಪಟ್ಟಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದರು.

ಎಪ್ಪತ್ತು! ಅವಳ ಜೀವ ಒಂದು ಕ್ಷಣ ಹಿಗ್ಗಿತು. ಅಮ್ಮನಿಗೆ ಈಗಲೇ ಫೋನ್ ಮಾಡಬಹುದಿತ್ತು. ಮರುಕ್ಷಣವೇ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಒಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದದ್ದು ಇವರ ಬಾಯಿಗೆ ಬಂದ ಲೆಕ್ಕಕ್ಕೇ? ಅವಳು ಅಂಕಪಟ್ಟಿಯ ಮೇಲೆ ಅಂಗೈ ಊರಿದಳು.

"ಬೇಡ ಸರ್. ಓದದೆ ಫೇಲ್ ಮಾಡಿದ್ರಿ, ಈಗ ಓದದೆ ಪಾಸ್ ಮಾಡ್ತಿದ್ದೀರಿ. ಪೂರ್ತಿ ಓದಿ. ಆಮೇಲೆ ಸೊನ್ನೆ ಕೊಟ್ರೂ ನಾನು ತುಟಿ ಪಿಟಕ್ ಅನ್ನಲ್ಲ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

"ಒಟ್ಟು ಎಷ್ಟು ಪುಟ ಇದೆ ಇದು?" ಎಂದು ಕೇಳಿದರು, ಅದಕ್ಕೆ ಅರವತ್ತು ಅಂಕ ಕೊಟ್ಟಿದ್ದ ಮೇಡಂ.