ಕಪ್ಪಿನ ಮೇಲಿನ ಹೆಬ್ಬೆಟ್ಟು

ನನ್ನ ಹೆಂಡತಿ ನನ್ನ ಬೆನ್ನಿಗೆ ಎರಡು ಸಲ ಬಣ್ಣದ ಸ್ಪಂಜು ಆಡಿಸಿದಳು. ಅವಳ ತಮ್ಮನ ಬೆನ್ನಿಗೆ ಮೂರು ಸಲ. ನಾನು ಎಣಿಸಿದ್ದೇನೆ.

"ಅವನಿಗ್ಯಾಕೆ ಮೂರು?"

"ಅವನ ಬೆನ್ನು ಅಗಲ, ರೀ."

ಮದುವೆಯಾಗಿ ಹದಿನಾಲ್ಕು ವರ್ಷವಾದ ಹೆಂಗಸು ಗಂಡನಿಗೆ ಹೇಳುವ ಮಾತೇ ಇದು? ಆ ಬೆನ್ನನ್ನು ಅಗಲ ಮಾಡಿದವನು ನಾನು. ಐದು ವರ್ಷದ ಹಿಂದೆ ಭಾಮೈದ ನಾನು ಕೋಚ್ ಆಗಿರುವ ಜಿಮ್ಮಿಗೆ ಬಂದಾಗ ಹ್ಯಾಂಗರಿಗೆ ನೇತುಹಾಕಿದ ಅಂಗಿಯ ಹಾಗಿದ್ದ. ಏನು ತಿನ್ನಬೇಕು, ಹೇಗೆ ಎತ್ತಬೇಕು, ಯಾವಾಗ ಉಸಿರು ಬಿಡಬೇಕು, ಎಲ್ಲ ಹೇಳಿಕೊಟ್ಟೆ. ಹೇಳಿಕೊಡದೆ ಉಳಿಸಿಕೊಂಡದ್ದು ಒಂದೇ: ನನ್ನನ್ನು ದಾಟಿಹೋಗುವುದು. ಅದನ್ನು ಅವನೇ ಕಲಿತುಕೊಂಡ.

ದೇಹದಾರ್ಢ್ಯ ಸ್ಪರ್ಧೆಯಲ್ಲಿ ದೀಪದ ಕೆಳಗೆ ಮಾಂಸಖಂಡ ಎದ್ದು ಕಾಣಲಿ ಎಂದು ಮೈಗೆಲ್ಲ ಕಡುಗಂದು ಬಣ್ಣ ಬಳಿದುಕೊಳ್ಳುತ್ತೇವೆ. ಅದು ಒಣಗಿದ ಮೇಲೂ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಕುರ್ಚಿಗೆ, ಚಿಲಕಕ್ಕೆ, ಹೆಂಡತಿಯ ಹೊಸ ಚೂಡಿದಾರಕ್ಕೆ. ಒಂದು ಕಪ್ಪಿಗಾಗಿ ಇಷ್ಟೊಂದು ಕಪ್ಪಾಗುವವರು ಬೇರೆ ಯಾರೂ ಇರಲಿಕ್ಕಿಲ್ಲ. ಹನ್ನೆರಡು ವರ್ಷದಲ್ಲಿ ಒಂಬತ್ತು ಸಲ ನನಗೆ ಎರಡನೆಯ ಸ್ಥಾನ. ಜಿಮ್ಮಿನಲ್ಲಿ ನನ್ನನ್ನು 'ಎರಡಣ್ಣ' ಅಂತಲೇ ಕರೆಯುತ್ತಾರೆ. ಮುಂದಿನ ವರ್ಷ ನಲವತ್ತು ತುಂಬಿ ಹಿರಿಯರ ವಿಭಾಗಕ್ಕೆ ಬೀಳುತ್ತೇನೆ. ಅಲ್ಲಿ ಗೆದ್ದವರಿಗೆ ಕೊಡುವುದು ಒಂದು ಟವೆಲ್ಲು. ಮೊದಲನೆಯವನಾಗುವುದಿದ್ದರೆ ಇವತ್ತೇ ಆಗಬೇಕು.

ಸ್ಪರ್ಧೆ ನಡೆಸುವವನಿಗೆ ನಾವೆಲ್ಲ 'ಸಾರ್' ಎನ್ನುತ್ತೇವೆ. ಅವನು ನಮಗೆಲ್ಲ 'ರಾಜ' ಎನ್ನುತ್ತಾನೆ. ಅವನ ಮಾತು ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ತಪ್ಪದೆ ಒಂದು 'ಅರ್ಥ ಆಯ್ತಾ?' ಇರುತ್ತದೆ. ನಾನು ಮೂಗು ಹಿಡಿದು ಅದನ್ನು ಅಣಕಿಸಿದರೆ ಭಾಮೈದ ಡಂಬೆಲ್ ಕೆಳಗಿಟ್ಟು ನಗುತ್ತಿದ್ದ. ಹನ್ನೆರಡು ವರ್ಷದಿಂದ ನಾನು ಬರೀ ರಾಜ. ಭಾಮೈದ ಮೂರನೆಯ ವರ್ಷಕ್ಕೇ 'ಮಹಾರಾಜ' ಆಗಿದ್ದ. ಇದಕ್ಕಾಗಿ ನಾನು ನಿದ್ದೆ ಕೆಟ್ಟಿದ್ದೇನೆ ಎಂದರೆ ನಗಬೇಡಿ. ಹೊಟ್ಟೆಯನ್ನೇ ಕರಗಿಸಿಕೊಂಡವನಿಗೂ ಹೊಟ್ಟೆಕಿಚ್ಚು ಬಿಡುವುದಿಲ್ಲ.

ಒಂದು ಗಂಟೆಗೆ ಶುರುವಾಗಬೇಕಿದ್ದ ಸ್ಪರ್ಧೆ ನಾಲ್ಕಾದರೂ ಶುರುವಾಗಿರಲಿಲ್ಲ. ಮುಖ್ಯ ಅತಿಥಿ ಬಂದಿರಲಿಲ್ಲ. ಬ್ಯಾಡ್ಮಿಂಟನ್ ನೆಟ್ಟು, ಮುರಿದ ಮೇಜು ತುಂಬಿದ್ದ ಸ್ಟೋರ್ ರೂಮಿನಲ್ಲಿ ನನ್ನನ್ನೂ ಭಾಮೈದನನ್ನೂ ಕೂರಿಸಿದ್ದರು, ಉಳಿದ ಸ್ಪರ್ಧಿಗಳನ್ನು ಪಕ್ಕದ ಕೋಣೆಯಲ್ಲಿ. ಹಿಂದಿನ ದಿನದಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ. ಚರ್ಮದ ಕೆಳಗೆ ನೀರು ನಿಂತರೆ ಹೊಟ್ಟೆಯ ಮೇಲಿನ ಗೆರೆಗಳೆಲ್ಲ ಮಸುಕಾಗಿಬಿಡುತ್ತವೆ. ಹೆಂಡತಿಯ ಚೀಲದಲ್ಲಿ ನೀರಿನ ಬಾಟಲಿಯೊಂದಿತ್ತು. ಅದು ಸ್ಪರ್ಧೆ ಮುಗಿದ ಮೇಲಕ್ಕೆ. ನಾಲಿಗೆ ಹಳೆಯ ಚಪ್ಪಲಿಯ ಹಾಗೆ ಬಾಯಿಗೆ ಅಂಟಿಕೊಂಡಿತ್ತು.

"ಎಷ್ಟೊತ್ತಿಗಂತೆ, ಕೇಳ್ಕೊಂಡು ಬರ್ತೀನಿ," ಎಂದು ಅವಳು ಚೀಲ ಅಲ್ಲೇ ಬಿಟ್ಟು ಹೊರಗೆ ಹೋದಳು. ನಾನು ಕನ್ನಡಿ ಹುಡುಕುತ್ತ ಹೊರಟೆ.

ಸಾರ್ ಕೋಣೆಯ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಕಪ್. ಅದರ ಎರಡೂ ಹಿಡಿಗಳ ಮೇಲೆ ಕಂದು ಬಣ್ಣದ ಬೆರಳುಗಳು ಮೂಡಿದ್ದವು. ಇನ್ನೂ ಯಾರೂ ವೇದಿಕೆ ಹತ್ತಿಲ್ಲ, ಯಾರೂ ಗೆದ್ದಿಲ್ಲ; ಕಪ್ಪನ್ನು ಮುಟ್ಟಿದವನು ಯಾರು? ಬಗ್ಗಿ ನೋಡಿದೆ. ಎಡ ಹೆಬ್ಬೆಟ್ಟಿನ ಗುರುತಿನ ನಡುವೆ ಅಡ್ಡಕ್ಕೊಂದು ಬಿಳಿ ಗೆರೆ. ಆ ಗಾಯ ನನಗೆ ಗೊತ್ತು. ನಾಲ್ಕು ವರ್ಷದ ಹಿಂದೆ ನನ್ನ ಕೈಯಿಂದಲೇ ಜಾರಿದ ಕಬ್ಬಿಣದ ಪ್ಲೇಟು ಭಾಮೈದನ ಹೆಬ್ಬೆರಳಿನ ಮೇಲೆ ಬಿದ್ದಿತ್ತು.

ಬೆಳಿಗ್ಗೆ ಬಣ್ಣ ಹಚ್ಚಿಸಿಕೊಂಡು 'ಮ್ಯೂಸಿಕ್ ಸರಿ ಇದೆಯಾ ನೋಡ್ತೀನಿ ಭಾವ' ಎಂದು ಹೋಗಿ ಅರ್ಧ ಗಂಟೆ ಬಿಟ್ಟು ಬಂದವನು ಅವನೇ.

ಆಗ ನನಗೆ ಹೊಳೆದದ್ದು ನ್ಯಾಯವಲ್ಲ, ನೀರು. ನಾಲ್ಕು ಗುಟುಕು ಸಾಕು, ಅವನ ಗೆರೆಗಳು ಅಳಿಸಿಹೋಗುತ್ತವೆ. ಗೆಲ್ಲುವವನ ಹೆಸರು ಮೊದಲೇ ಬರೆದಿಟ್ಟವರಿಗೂ ಮಸುಕಾದ ಮೈಗೆ ಕಪ್ ಕೊಡಲು ನಾಚಿಕೆಯಾಗಬೇಕು. ಸ್ಟೋರ್ ರೂಮಿನ ಬಾಗಿಲ ಹೊರಗೇ ನಿಂತು ಮೂಗು ಹಿಡಿದೆ.

"ರಾಜ, ಗೆಸ್ಟ್ ಬರಲ್ವಂತೆ. ಕಾರ್ಯಕ್ರಮ ನಾಳೆಗೆ. ಪಾಪ, ಹೊಟ್ಟೆ ತುಂಬಾ ನೀರು ಕುಡೀರಿ. ಅರ್ಥ ಆಯ್ತಾ?"

ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಆ ದನಿ ಬಂದಿರಲಿಲ್ಲ. ಕಾದೆ. ಚೀಲದ ಜಿಪ್ಪಿನ ಸದ್ದಿಲ್ಲ. ಒಳಗಿನಿಂದ ಒಣ ನಗು ಬಂತು.

"ಒಳಗೆ ಬನ್ನಿ ಭಾವ."

ಹೋದೆ. ಅವನು ಗೋಡೆಗೆ ಒರಗಿ ಕೂತಿದ್ದ.

"ಹೇಗೆ ಗೊತ್ತಾಯ್ತು?"

"ದನಿ ಪಕ್ಕಾ ಇತ್ತು. ಆದ್ರೆ ಸಾರ್ ಯಾವತ್ತಾದ್ರೂ ನಮಗೆ 'ಪಾಪ' ಅಂದಿದ್ದಾರಾ? 'ನೀರು ಕುಡೀರಿ' ಅಂದಿದ್ದಾರಾ?"

"ಕಪ್ಪಿನ ಮೇಲೆ ನಿನ್ನ ಹೆಬ್ಬೆಟ್ಟಿದೆ," ಎಂದೆ.

ಅವನು ತಲೆ ತಗ್ಗಿಸಲಿಲ್ಲ. ಬಹುಶಃ ಕತ್ತು ಬಗ್ಗುವ ಸ್ಥಿತಿಯಲ್ಲಿರಲಿಲ್ಲ. "ಕರೆದು ಕೈಗೆ ಕೊಟ್ರು. ಸ್ಪರ್ಧೆಗೆ ದುಡ್ಡು ಹಾಕಿರೋ ಪ್ರೋಟೀನ್ ಪೌಡರ್ ಡಬ್ಬದವರಿಗೆ ಇವತ್ತೇ ಪೋಸ್ಟರ್ ಬೇಕಂತೆ. ಫೋಟೋ ಆದ್ಮೇಲೆ ಒಂದು ಕಾಗದ ತೋರಿಸಿದ್ರು. ಮೂರು ವರ್ಷ ಬೇರೆ ಎಲ್ಲೂ ಸ್ಪರ್ಧೆಗೆ ನಿಲ್ಲೋ ಹಾಗಿಲ್ಲ. ಅವರು ಯಾವ ಅಂಗಡಿ ತೆರೆದ್ರೂ ಬಾಗಿಲಲ್ಲಿ ಚಡ್ಡೀಲಿ ನಿಲ್ಬೇಕು. ಫೋಟೋ ಎಲ್ಲಾ ಅವರದ್ದೇ. ಕಪ್ಪೂ ನಾಳೆ ವಾಪಸ್ ಕೊಡ್ಬೇಕು ಭಾವ, ಪ್ರತಿ ವರ್ಷ ಅದೇ ಕಪ್ಪಂತೆ."

ಒಂಬತ್ತು ಸಲ ಒಂದು ಮೆಟ್ಟಿಲು ಕೆಳಗೆ ನಿಂತು ಆ ಕಪ್ ನೋಡಿದ್ದೇನೆ. ಪ್ರತಿ ವರ್ಷದ ಕಪ್ಪಿಗೂ ಬಲಗಡೆ ಅದೇ ಜಾಗದಲ್ಲಿ ಒಂದು ತಗ್ಗು ಹೇಗಿರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಸಹಿ ಹಾಕಿದ್ಯಾ?"

"ನಿಮ್ಮನ್ನ ಕೇಳಿ ಹಾಕ್ತೀನಿ ಅಂದೆ. ಸಾಯಂಕಾಲದೊಳಗೆ ಹಾಕದಿದ್ರೆ ಸಾಲಲ್ಲಿ ಐವರು ಇದ್ದಾರೆ ಅಂದ್ರು. ಮೈಯಲ್ಲಿರೋ ನೀರು ಇನ್ನೂ ಒಣಗಬೇಕು ಅಂತ ಎರಡು ಮಾತ್ರೆ ಬೇರೆ ಕೊಟ್ರು, ನುಂಗಿದೆ."

ಇಷ್ಟು ಕೇಳಿದ ಮೇಲೆ ಒಳ್ಳೆಯ ಭಾವನಾದವನಿಗೆ ಮರುಕ ಹುಟ್ಟಬೇಕು. ನನಗೆ ಹುಟ್ಟಿದ ಪ್ರಶ್ನೆ ಬೇರೆ. ಹನ್ನೆರಡು ವರ್ಷದಲ್ಲಿ ಇಂಥದೊಂದು ಮೋಸವನ್ನು ನನಗೆ ಯಾಕೆ ಮಾಡಲಿಲ್ಲ? ಅಂಗಡಿ ಬಾಗಿಲಲ್ಲಿ ಚಡ್ಡಿಯಲ್ಲಿ ನಿಲ್ಲುವುದಕ್ಕೂ ನಾನು ಸಾಲದವನೇ?

ಅದನ್ನು ಬಾಯಿಬಿಟ್ಟು ಕೇಳುವಷ್ಟರಲ್ಲಿ ಅವನು ಕಿರುಚಿದ. ಎರಡೂ ತೊಡೆಗಳು ಸೆಟೆದುಕೊಂಡವು. ಪಕ್ಕಕ್ಕೆ ಉರುಳಿದ. ಸ್ನಾಯುಗಳು ಚರ್ಮದ ಕೆಳಗೆ ಹಗ್ಗದ ಹಾಗೆ ಗಂಟಾದವು. ನಾನು ಮೊಣಕಾಲೂರಿ ತೊಡೆ ಉಜ್ಜತೊಡಗಿದೆ. ಕಿರುಚಾಟ ಕೇಳಿ ಬಂದವನು ಸಾರ್, ಕಂಕುಳಲ್ಲಿ ಸುರುಳಿ ಸುತ್ತಿದ ಪೋಸ್ಟರು.

"ಏನಾಯ್ತು ಮಹಾರಾಜ?" ಎಂದು ಬಾಗಿಲಲ್ಲೇ ನಿಂತ. ಹತ್ತಿರ ಬರಲಿಲ್ಲ, ಬಿಳಿ ಅಂಗಿ.

"ಆಸ್ಪತ್ರೆಗೆ ಸೇರಿಸ್ಬೇಕು ಸಾರ್."

"ಆ ನೆಟ್ಟಿನ ಹಿಂದೆ ಮಲಗಿಸು. ಡಬ್ಬದವರ ಕಣ್ಣಿಗೆ ಬೀಳಬಾರದು. ಗೆಸ್ಟ್ ಕಾರು ಗೇಟಿಗೆ ಬಂತು." ಗಡಿಯಾರ ನೋಡಿದ. ಆಮೇಲೆ ನನ್ನನ್ನು ನೋಡಿದ, ಅಂಗಡಿಯಲ್ಲಿ ಕೇಳಿದ ಮಾಲು ಸಿಗದಿದ್ದಾಗ ಪಕ್ಕದ್ದನ್ನು ನೋಡುವ ಹಾಗೆ. "ನೀನು ಬಾ. ಫಸ್ಟ್ ನಿನಗೇ. ಕಾಗದಕ್ಕೆ ಆಮೇಲೆ ಸಹಿ ಹಾಕು. ಅರ್ಥ ಆಯ್ತಾ ಮಹಾರಾಜ?"

ಮಹಾರಾಜ! ನನ್ನ ಕೈ ಭಾಮೈದನ ತೊಡೆಯ ಮೇಲೇ ನಿಂತುಬಿಟ್ಟಿತು. ಸುಳ್ಳೇಕೆ ಹೇಳಲಿ, ನಾನು ಅರ್ಧ ಎದ್ದಿದ್ದೆ.

"ಪೋಸ್ಟರಲ್ಲಿ ಇವನ ಫೋಟೋ ಇದೆಯಲ್ಲ ಸಾರ್?"

"ಅದಕ್ಕೇನು ತೊಂದರೆ ಇಲ್ಲ ಬಿಡು." ಸುರುಳಿ ಬಿಚ್ಚಿ ತೋರಿಸಿದ. ಸೊಂಟದಿಂದ ಕತ್ತಿನವರೆಗೆ ಒಂದು ಮೈ. ಎದೆಗೆ ಒತ್ತಿ ಹಿಡಿದ ಕಪ್, ಪಕ್ಕದಲ್ಲಿ ಮನುಷ್ಯನಷ್ಟೇ ದೊಡ್ಡ ಡಬ್ಬ. ತಲೆ ಇರಲಿಲ್ಲ. "ಡಬ್ಬ ಹಿಡಿಸಲಿ ಅಂತ ತಲೆ ತೆಗೆಸಿದೆ. ಕೆಳಗೆ ಜಾಗ ಬಿಟ್ಟಿದ್ದೀನಿ, ಹೆಸರು ಸಂಜೆ ಅಚ್ಚಾಗುತ್ತೆ. ಅಂದ ಹಾಗೆ, ನಿನ್ನ ಹೆಸರೇನು?"

ಹನ್ನೆರಡು ವರ್ಷದ ಮೇಲೆ ಹೆಸರು ಕೇಳಿದ್ದಕ್ಕೆ ಸಿಟ್ಟು ಬಂತು ಎಂದು ಬರೆದರೆ ಕೇಳಲು ಚೆಂದ. ಆದರೆ ನನ್ನ ಕಣ್ಣು ನಿಂತದ್ದು ಆ ಎದೆಯ ಮೇಲೆ. ಹೆಸರು ನನ್ನದು, ಎದೆ ಇವನದು. ಜನ ಗೋಡೆಯ ಮುಂದೆ ನಿಂತು 'ಅಬ್ಬಾ' ಎನ್ನುವುದು ಇವನ ಎದೆಗೆ. ನಾನು ಮೊದಲನೆಯವನಾದ ದಿನವೂ ಇವನೇ ಮೊದಲಿರುತ್ತಾನೆ, ಊರ ತುಂಬ, ಪ್ರತಿ ಗೋಡೆಯ ಮೇಲೂ!

"ನನ್ನ ಎದೆಗೇನಾಗಿದೆ ಸಾರ್? ಈಗಲೇ ಇನ್ನೊಂದು ಫೋಟೋ ತೆಗೀರಿ."

"ಐನೂರು ಪೋಸ್ಟರ್ ಆಗಿಹೋಗಿದೆ ಕಣಪ್ಪ. ಯಾರ ಎದೆ ಆದ್ರೇನು?"

ಯಾರ ಎದೆ ಆದರೇನು! ಭಾಮೈದ ಕೆಳಗಿನಿಂದ ಪೋಸ್ಟರ್ ನೋಡುತ್ತಿದ್ದ, ತನ್ನ ತಲೆ ಇರಬೇಕಿದ್ದ ಜಾಗವನ್ನು.

ನಾನು ಹೆಂಡತಿಯ ಚೀಲದಿಂದ ಬಾಟಲಿ ತೆಗೆದೆ. ಮುಚ್ಚಳ ತಿರುಗಿಸಿ, ಸಾರ್ ಎದುರಿಗೇ ಮೂಗು ಹಿಡಿದೆ.

"ರಾಜ, ಪಾಪ, ನೀರು ಕುಡಿ. ಅರ್ಥ ಆಯ್ತಾ?"

ಈ ಸಲ ಕುಡಿದ. ತನ್ನ ದನಿಯನ್ನೇ ಕೇಳಿದ ಸಾರ್ ಮತ್ತೆ ಗಡಿಯಾರ ನೋಡಿದ. ಪೋಸ್ಟರ್ ಸುತ್ತಿಕೊಂಡು ಹೊರಟ. ಪಕ್ಕದ ಕೋಣೆಯ ಬಾಗಿಲು ತೆರೆದ ಸದ್ದಾಯಿತು, ಆಮೇಲೆ "ಬಾ ಮಹಾರಾಜ" ಎಂದದ್ದು ಗೋಡೆ ದಾಟಿ ಬಂತು.

ಹೆಂಡತಿ ಬಂದಾಗ ಬಾಟಲಿಯಲ್ಲಿ ಎರಡೇ ಗುಟುಕು ಉಳಿದಿತ್ತು. ನಾನು ಕುಡಿದೆ. ಅವಳು ತಮ್ಮನನ್ನು ನೋಡಿ ಗಾಡಿ ಕರೆಯಲು ಓಡಿದಳು. ನಾನು ಭಾಮೈದನನ್ನು ಬೆನ್ನ ಮೇಲೆ ಹೊತ್ತುಕೊಂಡು ಹಿಂದಿನ ಮೆಟ್ಟಿಲು ಇಳಿಯತೊಡಗಿದೆ. ಅವನ ಎದೆಯ ಬಣ್ಣ ನನ್ನ ಬೆನ್ನಿಗೆ ಮೆತ್ತಿಕೊಳ್ಳುತ್ತಿತ್ತು.

"ನಿಮ್ಮ ಫಸ್ಟ್ ಹೋಯ್ತಲ್ಲ ಭಾವ," ಎಂದ ಕಿವಿಯ ಹತ್ತಿರ.

"ಸುಮ್ನಿರು. ಬೆಳಿಗ್ಗೆ ಎಷ್ಟು ತೂಗಿದ್ದೆ ನೀನು?"

"ತೊಂಬತ್ತಾರು."

ನಾನು ತೊಂಬತ್ತನಾಲ್ಕು. ಇನ್ನೆರಡು ಮೆಟ್ಟಿಲು ಇಳಿದೆ.

"ನೀರು ಸೇರಿಸಿ ತಾನೇ?"

"ಇಲ್ಲ ಭಾವ. ಒಣಗಿದ ಮೇಲೆ."