ಪ್ರೂಫಣ್ಣನ ಕಣ್ಣಿಗೆ ಬೀಳದ ತಪ್ಪು

"ಸಜ್ಜನ ಅಂತ ಬರೀಬೇಡಿ ಅಂಕಲ್," ಎಂದು ಪ್ರೂಫಣ್ಣನ ಮಗಳು ಸರ್ವೇಯರನ ಹಾಳೆಯ ಮೊದಲ ಪದಕ್ಕೇ ಬೆರಳಿಟ್ಟಳು. "ಅಪ್ಪ ಎದ್ದು ಬಂದು ಕಾಟು ಹಾಕ್ತಾರೆ."

ಸರ್ವೇಯರ್ ತಾನೇ ಕಾಟು ಹಾಕಿದ. ಅದರ ಬೆನ್ನಿಗೆ 'ಮೃದುಭಾಷಿ'ಯೂ ಹೋಯಿತು. ಹಾಳೆಯ ಮೇಲೆ ಉಳಿದದ್ದು 'ಮತ್ತು' ಒಂದೇ. ಆಗಲೇ ಒಂಬತ್ತೂವರೆ. ಹನ್ನೊಂದಕ್ಕೆ ಚಿತಾಗಾರದ ಹಾಲ್‌ನಲ್ಲಿ ಇದನ್ನು ಓದಬೇಕು. ಪಕ್ಕದ ಕೋಣೆಯಲ್ಲಿ ಪ್ರೂಫಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಯಾವ ಅವಸರವೂ ಇಲ್ಲದೆ ಮಲಗಿದ್ದ. ಮಂಗಳವಾರ ಬೆಳಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಮತ್ತೆ ಎದ್ದಿರಲಿಲ್ಲ.

ಮೂವತ್ತೊಂದು ವರ್ಷದಿಂದ ಅವರ ಕಾಲೇಜು ತರಗತಿಯವರಲ್ಲಿ ಯಾರು ತೀರಿಕೊಂಡರೂ ಒಂದು ಪುಟ ಬರೆದು, ಅಂತ್ಯಕ್ರಿಯೆಯ ದಿನ ಓದಿ, ಆಮೇಲೆ ಹಳೆಯ ವಿದ್ಯಾರ್ಥಿಗಳ ಸಂಚಿಕೆಯಲ್ಲಿ ಅಚ್ಚು ಹಾಕಿಸುವುದು ಪ್ರೂಫಣ್ಣನ ಕೆಲಸವಾಗಿತ್ತು. ಯಾರೂ ಒಪ್ಪಿಸಿದ್ದಲ್ಲ, ಅವನೇ ಮೈಮೇಲೆ ಎಳೆದುಕೊಂಡದ್ದು. ಹೊಟ್ಟೆಪಾಡಿಗೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ, ಅದಕ್ಕೇ ಆ ಹೆಸರು. ಪುಟಕ್ಕೆ ಅವನದೇ ಕಾನೂನು: 'ತುಂಬಲಾರದ ನಷ್ಟ' ಕೂಡದು. ಸತ್ತವರು ಕೈಯಾರೆ ಮಾಡಿದ ಒಂದಾದರೂ ಕೆಲಸ ಇರಬೇಕು. ಸುಳ್ಳು ಒಂದಕ್ಷರವೂ ಇರಬಾರದು. ಹಾಗೆ ನಲವತ್ತೊಂದು ಪುಟ ಬರೆದಿದ್ದ. ನಲವತ್ತೆರಡನೆಯದು ಅವನದೇ.

"ನನಗೇ ಯಾಕಮ್ಮಾ ಹೇಳಿದೆ? ನಾವಿಬ್ಬರು ಮಾತು ಬಿಟ್ಟು ಒಂಬತ್ತು ವರ್ಷ."

"ನಾನು ಹೇಳಿದ್ದಲ್ಲ ಅಂಕಲ್, ಅಪ್ಪ ಬರೆದಿಟ್ಟಿದ್ರು. 'ನನ್ನ ಪುಟ ಸರ್ವೇಯರ್ ಬರೀಲಿ, ನನ್ನ ತಪ್ಪು ಚೆನ್ನಾಗಿ ಗೊತ್ತಿರೋನು ಅವನೇ' ಅಂತ."

ಸರ್ವೇಯರ್ ಪೆನ್ನು ಕೆಳಗಿಟ್ಟ.

*

ಒಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಸರ್ವೇಯರ್ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಾಗಿಲು ತೆಗೆದಿದ್ದ. ಹೊರಗೆ ಅವರದೇ ತರಗತಿಯ, ಔಷಧದಂಗಡಿಯ ಗುಂಡ ಎರಡೂ ಕೈಯಲ್ಲಿ ಹೂವಿನ ಹಾರ ಹಿಡಿದು ನಿಂತಿದ್ದ. ಇವನನ್ನು ನೋಡಿದ್ದೇ ತಡ, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದ.

"ಲೋ, ನೀನು ಸತ್ತಿದ್ದೀಯಲ್ಲೋ!"

ಆದದ್ದಿಷ್ಟು. ತರಗತಿಯಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರು. ತೀರಿಕೊಂಡವನು ಇನ್ನೊಬ್ಬ, ತೆರಿಗೆ ಕಚೇರಿಯ ಗುಮಾಸ್ತ. ಅಂತ್ಯಕ್ರಿಯೆ ಮುಗಿದ ಮೇಲೆ ಸುದ್ದಿ ಬಂತು, ಅದೇ ದಿನ ಸಂಚಿಕೆ ಅಚ್ಚಿಗೆ ಹೋಗಬೇಕಿತ್ತು. ಜನ್ಮವಿಡೀ ಬೇರೆಯವರ ತಪ್ಪು ಹಿಡಿದ ಪ್ರೂಫಣ್ಣ, ಯಾವನು ಸತ್ತ ಅಂತ ಇನ್ನೊಂದು ಮಾತು ಕೇಳದೆ, ತನಗೆ ಹತ್ತಿರದವನನ್ನೇ ಸಾಯಿಸಿಬಿಟ್ಟಿದ್ದ.

ಅವತ್ತು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸರ್ವೇಯರನೂ ನಕ್ಕ. ನಗುತ್ತಲೇ ಗುಂಡ ತಂದಿದ್ದ ಸಂಚಿಕೆ ತೆರೆದು ತನ್ನ ಪುಟ ಓದಿದ. ಚೆನ್ನಾಗಿಯೇ ಇತ್ತು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು.

'ಕೋಪ ಮೂಗಿನ ತುದಿಯಲ್ಲೇ. ಆದರೆ ತಪ್ಪು ಅಳತೆಗೆ ಒಮ್ಮೆಯೂ ಸಹಿ ಹಾಕಿದವನಲ್ಲ.'

ಹಾಕಿದ್ದ. ಒಮ್ಮೆ. ಗಂಡನಿಲ್ಲದ ಹೆಂಗಸೊಬ್ಬಳ ಮನೆ, ಬಟ್ಟೆ ಹೊಲಿದು ಬದುಕುತ್ತಿದ್ದಳು. ಪಕ್ಕದ ಜಾಗ ಕೊಂಡವನು ದೊಡ್ಡ ಕುಳ. ಅವನ ಗೋಡೆ ನಾಲ್ಕಡಿ ಈಚೆ ಬರುವಂತೆ ನಕ್ಷೆ ಮಾಡು ಎಂದು ಮೇಲಧಿಕಾರಿ ಹೇಳಿದ, ಇವನು ಮಾಡಿದ. ಲಂಚ ಮುಟ್ಟಲಿಲ್ಲ. ಹೆದರಿದ, ಅಷ್ಟೇ. ಆಕೆ ಕಾಗದ ಓದಲೂ ಇಲ್ಲ. "ನೀವೇ ಅಳೆದದ್ದಲ್ವಾ, ಸರಿಯಾಗೇ ಇರುತ್ತೆ ಬಿಡಿ," ಎಂದು ಕುಡಿಯಲು ನೀರು ಕೊಟ್ಟಿದ್ದಳು.

ಆ ಸಾಲು ಓದಿದವನೇ ಪ್ರೂಫಣ್ಣನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ಬದುಕಿರುವವನನ್ನು ಕೊಂದೆ, ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದ. ಜಗತ್ತೆಲ್ಲ ಅದನ್ನೇ ಕಾರಣ ಅಂದುಕೊಂಡಿತು. ಹೆಂಡತಿಯೂ ಹಾಗೇ ನಂಬಿದಳು.

*

ಮಗಳು ಒಂದು ನೋಟುಪುಸ್ತಕ ತಂದು ಮುಂದಿಟ್ಟಳು. ಸಂಚಿಕೆ ಹೋದ ಇನ್ನೂರ ಹದಿಮೂರು ಮನೆಗಳ ವಿಳಾಸ.

"ಆ ತಪ್ಪಾದ ಮೇಲೆ ಗುಮಾಸ್ತರ ಪುಟ ಹೊಸದಾಗಿ ಅಚ್ಚು ಹಾಕ್ಸಿ, ಗೋಂದಿನ ಬಾಟ್ಲಿ ಜೇಬಲ್ಲಿಟ್ಕೊಂಡು ಮನೆಮನೆಗೆ ಹೋದ್ರು. ಕ್ಷಮೆ ಕೇಳಿ, ನಿಂತು, ಅವರೇ ಅಂಟಿಸಿ ಬರ್ತಿದ್ರು. ಅಂಚೆಯಲ್ಲಿ ಕಳ್ಸಿ ಅಂದ್ರೆ, ತಪ್ಪು ಮಾಡಿದ ಕೈಯೇ ಹೋಗ್ಬೇಕು ಅನ್ನೋರು. ಪೂರ್ತಿ ಆಗೋಕೆ ಏಳು ತಿಂಗಳು ಹಿಡೀತು."

ಪ್ರತಿ ವಿಳಾಸದ ಮುಂದೆ ಸರಿ ಗುರುತಿತ್ತು. ಒಂದರ ಮುಂದೆ ಮಾತ್ರ ಇರಲಿಲ್ಲ.

"ನಿಮ್ಮನೆಗೆ ಮೂರು ಸಲ ಬಂದ್ರಂತೆ."

"ನಾಲ್ಕು," ಎಂದ ಸರ್ವೇಯರ್. ನಾಲ್ಕು ಸಲವೂ ಅವನು ಪರದೆಯ ಹಿಂದೆ ನಿಂತು ನೋಡಿದ್ದ. ಕೊನೆಯ ಸಲ ಪ್ರೂಫಣ್ಣ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು, ಕಾಲು ನೀವಿಕೊಂಡು ಎದ್ದು ಹೋಗಿದ್ದ. ಅಷ್ಟು ಹೊತ್ತಿನಲ್ಲಿ ಒಂದು ಚಿಲಕ ತೆಗೆಯಲು ಸರ್ವೇಯರನಿಗೆ ಆಗಿರಲಿಲ್ಲ. ಈಗ ಹಾಳೆ ಮಗುಚಿ ಬರೆಯಲು ಕೂತ.

*

ಚಿತಾಗಾರದ ಹಾಲ್‌ನಲ್ಲಿ ಮೂವತ್ತು ಜನ ಸೇರಿದ್ದರು. ಎಲ್ಲರೂ ಎಪ್ಪತ್ತರ ಆಸುಪಾಸು. ಕುರ್ಚಿಯಲ್ಲಿ ಕೂರುವಾಗಲೂ ಉಸ್ಸಪ್ಪಾ, ಏಳುವಾಗಲೂ ಉಸ್ಸಪ್ಪಾ.

"ನನ್ನ ಅಂಗಡಿ ಬೋರ್ಡಲ್ಲಿ ತಪ್ಪಿದೆ ಅಂತ ಅರವತ್ತೆರಡನೇ ವಯಸ್ಸಲ್ಲಿ ಏಣಿ ಹತ್ತಿದ ಕಣ್ರೋ," ಎಂದ ಗುಂಡ. "ಇಳಿಯೋಕೆ ಬರ್ಲಿಲ್ಲ. ನಾನೂ ನನ್ನ ಮಗನೂ ಹೊತ್ಕೊಂಡು ಇಳಿಸಿದ್ವಿ."

"ಮದುವೆ ಪತ್ರಿಕೆ ಕೊಟ್ರೆ ಯಾರ ಮದುವೆ ಅಂತ ಆಮೇಲೆ ನೋಡ್ತಿದ್ದ," ಎಂದಳು ಲೈಬ್ರರಿಯಮ್ಮ. ಕಾಲೇಜಿನ ಗ್ರಂಥಾಲಯದಲ್ಲೇ ಕೆಲಸ ಮಾಡಿ ನಿವೃತ್ತಳಾದ ಸಹಪಾಠಿ ಅವಳು. "ನಮ್ಮನೆಯವರು ಹೋದ ದಿನ ಎಲ್ಲರೂ ಬಂದು ಅತ್ರು. ಇವನು ಬಂದು, 'ಅವರು ಮನೇಲಿ ಏನೇನು ರಿಪೇರಿ ಮಾಡ್ತಿದ್ರು?' ಅಂತ ಕೇಳಿದ. ಅವರು ರಿಪೇರಿ ಮಾಡಿದ ಮಿಕ್ಸಿ ಕತೆ ಹೇಳ್ತಾ ಹೇಳ್ತಾ ನಕ್ಕುಬಿಟ್ಟೆ. ಅವತ್ತು ಅಷ್ಟು ನಕ್ಕಿದ್ದಕ್ಕೇ ಆ ರಾತ್ರಿ ಕಳೀತು."

"ಈಗ ಅವನ ಬಗ್ಗೆ ಇವನೇನು ಓದ್ತಾನೋ," ಎಂದು ಗುಂಡ ಸರ್ವೇಯರನ ಕಡೆ ಕಣ್ಣು ಮಾಡಿದ.

ಸರ್ವೇಯರ್ ಎದ್ದು ನಿಂತ. ಹೆಂಡತಿ ಮೂರನೆಯ ಸಾಲಿನಲ್ಲಿದ್ದಳು. ಅವಳನ್ನು ನೋಡದಂತೆ ಕನ್ನಡಕ ಏರಿಸಿಕೊಂಡ. ಇನ್ನೂ ಕಾಲ ಮಿಂಚಿಲ್ಲ, ಈ ಹಾಳೆ ಮಡಚಿಟ್ಟು ನಾಲ್ಕು ಒಳ್ಳೆಯ ಮಾತಾಡಿ ಕೂತರೆ ಯಾರೂ ಏನೂ ಅನ್ನುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಓದಿದ.

"ಇವನು ಕೈಯಾರೆ ಮಾಡಿದ ಕೆಲಸ: ಒಂದು ತಪ್ಪು ತಿದ್ದಲು ಇನ್ನೂರ ಹನ್ನೆರಡು ಮನೆಗೆ ನಡೆದ. ಇನ್ನೂರ ಹದಿಮೂರನೆಯ ಮನೆಯಲ್ಲಿ ನಾನು ಬಾಗಿಲು ತೆಗೆಯಲಿಲ್ಲ.

"ಇವನು ನನ್ನ ಬಗ್ಗೆ ಬರೆದ ಪುಟದಲ್ಲಿ ಎರಡು ತಪ್ಪಿದ್ದವು. ನಾನು ಸತ್ತೆ ಅನ್ನುವುದು ಒಂದು. ನಾನು ತಪ್ಪು ಅಳತೆಗೆ ಸಹಿ ಹಾಕಿದವನಲ್ಲ ಅನ್ನುವುದು ಇನ್ನೊಂದು. ಹಾಕಿದ್ದೇನೆ. ಒಬ್ಬ ಹೆಂಗಸಿನ ನಾಲ್ಕಡಿ ಜಾಗ ಹೋಯಿತು. ಮೊದಲನೆಯ ತಪ್ಪು ಇವನದು, ತಿದ್ದಿದ. ಎರಡನೆಯದು ನನ್ನದು. ಇವನಿಗೆ ಹೇಳಲು ಒಂಬತ್ತು ವರ್ಷ ಸಮಯವಿತ್ತು, ಹೇಳಲಿಲ್ಲ. ಕೋಪ ಅನ್ನುವ ನೆಪ ಹೂಡಿದೆ. ಇಷ್ಟೇ."

ಮಗಳು ಬಂದು ಹಾಳೆ ತೆಗೆದುಕೊಂಡು, ಇನ್ನೊಮ್ಮೆ ಕಣ್ಣಾಡಿಸಿ, "ಅಪ್ಪ ಒಪ್ತಿದ್ರು," ಎಂದಳು. ಕಬ್ಬಿಣದ ಬಾಗಿಲು ತೆರೆಯಿತು, ಪ್ರೂಫಣ್ಣ ಒಳಗೆ ಹೋದ, ಬಾಗಿಲು ಮುಚ್ಚಿತು.

ಹೊರಗೆ ಬೆಂಚಿನ ಮೇಲೆ ಹೆಂಡತಿ ಅವನ ಪಕ್ಕದಲ್ಲಿ ಕೂತಳು. ಆಮೇಲೆ ಕೇಳಿದಳು, "ಆ ಜಾಗ ಕಳ್ಕೊಂಡೋರು ಇದ್ದಾರಾ?"

"ಹೋದರು. ಮಗಳಿದ್ದಾಳೆ. ಅವಳೂ ಹೊಲೀತಾಳೆ."

"ಮನೆ ಗೊತ್ತಾ?"

"ಗೊತ್ತು."

"ಇಷ್ಟು ವರ್ಷ ನನ್ನ ಹತ್ರನೂ ಬಾಯಿ ಬಿಡ್ಲಿಲ್ಲ ನೀವು." ಅವಳು ಎದ್ದು ಸೀರೆಯ ನೆರಿಗೆ ಕೊಡವಿಕೊಂಡಳು. "ಜಗಳ ಆಮೇಲೆ ಆಡ್ತೀನಿ. ಈಗ ನಡೀರಿ."

"ಹೋಗಿ ಏನಂತ ಹೇಳ್ಲೇ?"

"ಈಗ ಓದಿದ್ರಲ್ಲ ಮೂವತ್ತು ಜನರ ಎದುರಿಗೆ, ಅದನ್ನೇ. ಕೇಳ್ಬೇಕಾದೋರು ಅಲ್ಲಿರ್ಲಿಲ್ಲ."

ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಬೀದಿ ದಾಟಿ, ಸಂದಿಯೊಳಗೆ ನಡೆದರು. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಸರ್ವೇಯರ್ ಬಾಗಿಲು ತಟ್ಟಿದ. ಯಂತ್ರ ನಿಂತಿತು.

"ಯಾರು? ಬಂದೆ, ಇರಿ."

ಬಾಗಿಲು ಹೊರಗಡೆಗೆ ಒಂದು ಮೊಳ ತೆರೆದು, ಪಕ್ಕದವನ ಎತ್ತರದ ಗೋಡೆಗೆ ಡಬ್ ಎಂದು ತಾಗಿ ನಿಂತಿತು. ಗೋಡೆಯ ಗಾರೆಯಲ್ಲಿ ಅದು ತಾಗಿ ತಾಗಿ ಅರ್ಧಚಂದ್ರದ ಗುಳಿ ಬಿದ್ದಿತ್ತು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ ಹೆಂಗಸು ಮೊದಲು ಒಂದು ಭುಜ, ಆಮೇಲೆ ಹೊಟ್ಟೆ ಎಳೆದುಕೊಂಡು ಇನ್ನೊಂದು ಭುಜ ತೂರಿಸಿ, ಓರೆಯಾಗಿ ಹೊರಗೆ ಬಂದು ನೆಟ್ಟಗೆ ನಿಂತು, "ಏನಾಗಬೇಕಿತ್ತು?" ಎಂದು ನಗುತ್ತ ಕೇಳಿದಳು.