ನಾಗರತ್ನಾ ಹಿಡಿದ ತಪ್ಪು

ಪುಣೆಯಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುವ ನನ್ನ ಮಗಳು ನಾಗರತ್ನಾ ಆಕಾಶದ ಕಪ್ಪುಕುಳಿಯ ಗುಟ್ಟು ಒಡೆದಿದ್ದಾಳೆಂದು ಇಳಕಲ್ಲಿನಲ್ಲಿ ಎಲ್ಲರಿಗಿಂತ ಜೋರಾಗಿ ಸಾರಿದವನು ನಾನೇ. ನೇಕಾರ ಸಂಘದವರು ಅವಳ ಸನ್ಮಾನದ ಫ್ಲೆಕ್ಸಿಗೆ ಏನು ಬರೆಸೋಣ ಎಂದಾಗ ಅದನ್ನೇ ಬರೆಸಿದೆ. ಅಕ್ಷರ ಇನ್ನೂ ದೊಡ್ಡದಾಗಲಿ ಎಂದು ಜಗಳವನ್ನೂ ಆಡಿದೆ. ನನಗೆ ತಿಳಿದದ್ದು ಇಷ್ಟು: ಕಪ್ಪುಕುಳಿಗೆ ಬಿದ್ದದ್ದು ಹೊರಗೆ ಬರುವುದಿಲ್ಲ, ಆದರೆ ಆ ಕುಳಿಯೂ ಮೆಲ್ಲಗೆ ಆವಿಯಾಗಿ ಮುಗಿದುಹೋಗುತ್ತದೆ. ಆಗ ಒಳಗೆ ಬಿದ್ದದ್ದರ ಮಾಹಿತಿ ಅಳಿಯುತ್ತದೋ, ಉಳಿಯುತ್ತದೋ? ಉಳಿಯುತ್ತದೆ, ಅದು ಹೊರಬರುವ ದಾರಿ ಇದು ಎಂದು ಅವಳು ಮೂರು ವರ್ಷ ಲೆಕ್ಕ ಮಾಡಿ ತೋರಿಸಿದ್ದಳು. ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಸನ್ಮಾನದ ದಿನ ಬೆಳಿಗ್ಗೆ ನನ್ನ ಮಗ್ಗದ ಪಕ್ಕ ಬಂದು ನಿಂತಳು.

“ಅಪ್ಪಾ, ನನ್ನ ಲೆಕ್ಕದಾಗ ತಪ್ಪೈತಿ. ಸಣ್ಣದು ಅಂತ ಒಂದು ಅಂಕಿ ಕೈಬಿಟ್ಟಿದ್ದೆ. ಕುಳಿ ಮುಗಿಯೂ ಹೊತ್ತಿಗೆ ಅದು ದೊಡ್ಡದಾಗ್ತೈತಿ. ನಾ ತೋರಿಸಿದ ದಾರಿ ನಿಲ್ಲೂದಿಲ್ಲ.”

“ಯಾರ್ಯಾರಿಗೆ ಗೊತ್ತೈತಿ?”

“ನನಗೊಬ್ಬಾಕಿಗೆ.”

“ಹಂಗಾದ್ರ ಇವತ್ತೊಂದಿನ ಮುಚ್ಚಿಡು. ನಾಳೆ ಏನರ ಮಾಡ್ಕೋ.”

“ಪತ್ರಿಕಿಯವ್ರಿಗೆ ಈಗಷ್ಟ ಬರದು ಕಳಿಸೇನಿ ಅಪ್ಪಾ. ಸಂಜಿಕ ಇಲ್ಲಿ ಮಂದಿಗೂ ಹೇಳ್ತೇನಿ.”

ನನಗೆ ಸಿಟ್ಟು ನೆತ್ತಿಗೇರಿತು. ಊರೊಳಗೆ ನನ್ನ ಮಾನ ಕಳೆಯಬೇಡ ಎಂದು ಕೂಗಾಡಿದೆ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಸಂಜೆ ಸಂಘದ ಸಭಾಭವನ ತುಂಬಿತ್ತು. ಅವಳು ಮೈಕಿನ ಮುಂದೆ ನಿಂತು ಹೇಳಿಯೇಬಿಟ್ಟಳು. ಜನ ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ಶಾಲು ಹಿಡಿದುಕೊಂಡು ಹಾಗೇ ಕುಳಿತರು. ನಾನು ತಲೆ ಎತ್ತಲಿಲ್ಲ.

ಮುಂದಿನ ಸಾಲಿನಿಂದ ಹುಲ್ಲಪ್ಪ ಎದ್ದ. ಎಂಬತ್ತು ವರ್ಷದ ನೇಕಾರ. ನಮ್ಮ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುತ್ತೇವಲ್ಲ, ಅಲ್ಲಿ ಒಂದು ಎಳೆ ತಪ್ಪಿದರೂ ಬೆರಳಾಡಿಸಿಯೇ ಹೇಳುವವನು.

“ಯವ್ವಾ, ಆ ತಪ್ಪು ಹಿಡದವ್ರು ಯಾರು?”

“ನಾನ ಹಿಡದದ್ದು, ಮುತ್ಯಾ.”

“ಅಚ್ಚು ಹಾಕೂಕಿಂತ ಮೊದಲ ಯಾರೂ ನೋಡಿರಲಿಲ್ಲೇನು?”

“ಮೂರು ಮಂದಿ ತಿಳಿದವ್ರು ನೋಡಿದ್ರು. ಅವ್ರಿಗೆ ಸಿಗಲಿಲ್ಲ.”

ಹುಲ್ಲಪ್ಪ ಸಭೆಯ ಕಡೆ ತಿರುಗಿದ. “ಕೊಂಡಿ ತಪ್ಪಿದ ಸೀರಿ ಮಡಿಕ್ಯಾಗ ಮುಚ್ಚಿ ಒಮ್ಮಿನೂ ಮಾರದವ್ರು ಯಾರರ ಇದ್ರ ಕೈ ಎತ್ರಿ ನೋಡೂಣು.”

ಒಂದು ಕೈಯೂ ಮೇಲೇಳಲಿಲ್ಲ. ಹುಲ್ಲಪ್ಪ ತನ್ನ ಕೈಯನ್ನೂ ಎತ್ತಲಿಲ್ಲ. ನಾನಂತೂ ಒಂದು ಮದುವೆ ಸೀರೆಯನ್ನೇ ಹಾಗೆ ದಾಟಿಸಿದವನು. ಇಪ್ಪತ್ತು ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ.

ಎದ್ದು ವೇದಿಕೆ ಹತ್ತಿದೆ. ಅಧ್ಯಕ್ಷರ ಕೈಯಿಂದ ಶಾಲು ಕಿತ್ತುಕೊಂಡು ಮಗಳಿಗೆ ನಾನೇ ಹೊದಿಸಿದೆ. ಮೈಕು ಹಿಡಿದೆ. ಆ ಹೊತ್ತಿಗೆ ನನಗಿದ್ದ ಹೆಮ್ಮೆ ಪತ್ರಿಕೆಯಲ್ಲಿ ಅಚ್ಚಾದ ದಿನವೂ ಇರಲಿಲ್ಲ.

“ಮುಚ್ಚಿಡು ಅಂತ ನಾ ಮುಂಜಾನೆ ಹೇಳಿದ್ದೆ,” ಎಂದೆ. “ನನ್ನ ಮಗಳು ನನ್ನ ಮಾತು ಕೇಳಲಿಲ್ರಿ.”